ಕೈ ಮುಗಿಯುವುದೂ ಸಾಲಿನಲ್ಲಿ ನಿಲ್ಲುವುದೂ

ಸನತ್‌ನಗರ ಎಂದೊಡನೆ ಊರಿನಿಂದ ಬಂದ ನೆಂಟರಲ್ಲಿ ಕೆಲವರು ಇದು ಸನತ್ಕುಮಾರ ಮುನಿಗೆ ಸಂಬಂಧಿಸಿದ ಪುಣ್ಯಕ್ಷೇತ್ರವಿರಬೇಕೆಂದು ತಿಳಿಯುವುದುಂಟು. ಮುನಿಗೂ ಇದಕ್ಕೂ ಏನೇನೂ ಸಂಬಂಧವಿಲ್ಲ. ಉರ್ದುವಿನಲ್ಲಿ ‘ಸನಅತ್’ ಎಂದರೆ ಕೈಗಾರಿಕೆ. ಕಾರ್ಖಾನೆಗಳ ಬಡಾವಣೆಗೆ ಬಂದ ಹೆಸರು ಅದು. ಕಾರ್ಖಾನೆಗಳಲ್ಲಿ ಹಲವು ಮುಚ್ಚಿಹೋದರೂ ಹೆಸರು ಉಳಿದುಕೊಂಡಿದೆ. ಈ ನಮ್ಮ ಬಡಾವಣೆಯ ಆಸುಪಾಸಿನಲ್ಲಿ ಎರಡು ಆಸ್ಪತ್ರೆಗಳಿವೆ. ಒಂದು, ಕ್ರೈಸ್ತ ಸೋದರಿಯರ ಸೇಂಟ್ ಥೆರೆಸಾ ಆಸ್ಪತ್ರೆ. ಇನ್ನೊಂದು, ಕಾರ್ಮಿಕರ ವಿಮೆಯ ಇ.ಎಸ್.ಐ. ಆಸ್ಪತ್ರೆ, ಈಗ ಅಲ್ಲಿಯ ಮೆಟ್ರೋ ನಿಲ್ದಾಣಕ್ಕೂ ಅದೇ ಹೆಸರು. ಒಂದರ ಹಿಂದೆ ಇರುವುದು ಒಂದು ಧರ್ಮದ ಕರುಣೆ. ಇನ್ನೊಂದರ ಹಿಂದೆ ಇರುವುದು ಪಾರ್ಲಿಮೆಂಟಿನ ಕಾಯ್ದೆ. ದಿನಾ ಆಫೀಸಿಗೆ ಹೋಗಿಬರುವಾಗ ಎರಡೂ ಕಣ್ಣಿಗೆ ಬೀಳುತ್ತವೆ. ಇವೆರಡಕ್ಕೂ ಇರುವ ನಂಟು ಎಂಥದು ಎಂಬ ಪ್ರಶ್ನೆ ಬಹುಕಾಲದಿಂದ ನನ್ನ ತಲೆಯಲ್ಲಿ ಕುಳಿತಿದೆ.

ಕಳೆದ ಯುಗಾದಿಯ ಕೂಟದಲ್ಲಿ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಗ ಈ ಮಾತು ತಾನಾಗಿಯೇ ಎದ್ದಿತು. ಹಿರಿಯ ಮಿತ್ರರೊಬ್ಬರು, “ಕ್ರೈಸ್ತರು ಮಾಡಿದ್ದು ದಾನ, ಪ್ರಜಾಪ್ರಭುತ್ವ ಕೊಡುವುದು ಹಕ್ಕು, ಅದಕ್ಕೂ ಇದಕ್ಕೂ ಎಲ್ಲಿಯ ಸಂಬಂಧ?” ಎಂದರು. ಇನ್ನೊಬ್ಬರು, “ಸಂಬಂಧ ಇಲ್ಲದೇನು? ಪ್ರಜಾಪ್ರಭುತ್ವವೇ ಬೈಬಲ್ಲಿನಿಂದ ಬಂದದ್ದು” ಎಂದು ವಾದಿಸಿದರು. ಇಬ್ಬರ ಮಾತೂ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ನಾನು ತತ್ತ್ವಶಾಸ್ತ್ರ ಓದಿದವನಲ್ಲ. ಬಿ.ಎಸ್ಸಿ. ಮುಗಿಸಿ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದವನು. ಪಿಂಚಣಿಯ ಕಡತಗಳ ನಡುವೆ ಇಪ್ಪತ್ತು ವರ್ಷ ಕಳೆಯುತ್ತಾ ಬಂತು. ಆದರೂ ಈ ವಿಷಯದಲ್ಲಿ ನನಗೆ ತೋಚಿದ್ದನ್ನು ವಾಚಕರ ಮುಂದಿಡುವ ಧೈರ್ಯ ಮಾಡಿದ್ದೇನೆ. ಅದಕ್ಕೆ ಕಾರಣ ನಮ್ಮ ತಂದೆಯವರು.

ನಮ್ಮದು ಬೀದರ್ ಜಿಲ್ಲೆಯ ಒಂದು ಹಳ್ಳಿ. ತಂದೆಯವರು ಬರಗಾಲದ ಏಟು ತಿಂದು ಎಪ್ಪತ್ತರ ದಶಕದಲ್ಲಿ ಇಲ್ಲಿಗೆ ಬಂದರು. ಮೊದಲೆರಡು ವರ್ಷ ಕಾಯಂ ಕೆಲಸವಿರಲಿಲ್ಲ, ದಿನಗೂಲಿ. ಆ ಕಾಲದಲ್ಲಿ ತಾಯಿಯವರಿಗೆ ಹೆರಿಗೆಯ ನಂತರ ಜ್ವರ ಏರಿ ಪ್ರಾಣಕ್ಕೆ ಬಂತು. ಯಾರೋ ಹೇಳಿದರೆಂದು ಒಂದು ಮಿಷನ್ ಆಸ್ಪತ್ರೆಗೆ ಒಯ್ದರು. ಹದಿನೇಳು ದಿನ ಇಟ್ಟುಕೊಂಡು ಬದುಕಿಸಿ ಕಳಿಸಿದರು. ಒಂದು ಕಾಸೂ ಕೇಳಲಿಲ್ಲ, ಯಾವ ದೇವರು ಎಂದೂ ಕೇಳಲಿಲ್ಲ. ಬಿಳಿ ಸೀರೆಯ ಸೋದರಿಯೊಬ್ಬರು ರಾತ್ರಿಯೆಲ್ಲ ಹಣೆಗೆ ತಣ್ಣೀರ ಬಟ್ಟೆ ಹಾಕುತ್ತ ಕೂತಿದ್ದರೆಂದು ತಾಯಿ ಈಗಲೂ ನೆನೆಯುತ್ತಾರೆ. ತಂದೆಯವರಿಗೂ ಆ ಕೃತಜ್ಞತೆ ಇತ್ತು. ಆದರೆ ಅದರ ಜೊತೆಗೆ ಮತ್ತೇನೋ ಇತ್ತು. ಆ ಆಸ್ಪತ್ರೆಯ ಮುಂದೆ ಹಾದುಹೋಗುವಾಗಲೆಲ್ಲ ಅವರು ಕೈ ಮುಗಿದು ತಲೆ ತಗ್ಗಿಸಿ ಬೇಗ ಬೇಗ ನಡೆದುಬಿಡುತ್ತಿದ್ದರು. ನಿಂತು ನೋಡಿದ್ದನ್ನು ನಾನು ಕಾಣೆ.

ಆಮೇಲೆ ಒಂದು ಕಾರ್ಖಾನೆಯಲ್ಲಿ ಕಾಯಂ ಆಯಿತು. ಪಗಾರದಲ್ಲಿ ಕೆಲವು ರೂಪಾಯಿ ಕಡಿತವಾಗಿ ಇ.ಎಸ್.ಐ. ಕಾರ್ಡು ಬಂತು. ನಾನು ಹುಡುಗನಾಗಿದ್ದಾಗ ಕಾಮಾಲೆಯಾಗಿ ಅವರ ಜೊತೆ ಆ ಕಾರ್ಡು ಹಿಡಿದು ಸಾಲಿನಲ್ಲಿ ನಿಂತದ್ದು ಚೆನ್ನಾಗಿ ನೆನಪಿದೆ. ನನಗೆ ಕಾಲು ನೋಯುತ್ತಿತ್ತು. ತಂದೆಯವರ ಮುಖ ಮಾತ್ರ ಪ್ರಸನ್ನವಾಗಿತ್ತು. ಮಿಷನ್ ಆಸ್ಪತ್ರೆಗೇ ಹೋಗಬಹುದಿತ್ತಲ್ಲ, ಅಲ್ಲಿ ಅಮ್ಮನನ್ನು ಅಷ್ಟು ಚೆನ್ನಾಗಿ ನೋಡಿಕೊಂಡರಂತಲ್ಲ ಎಂದು ಕೇಳಿದೆ. ಅವರು ಹೇಳಿದ್ದು ಇಷ್ಟು: “ಅಲ್ಲಿ ಆ ಅಮ್ಮಗೋಳು ಮಾಡಿದ್ದು ಏಳು ಜನ್ಮಕ್ಕ ತೀರಂಗಿಲ್ಲ ತಮ್ಮಾ. ಇಲ್ಲಿ ನನ್ನ ಪಗಾರದಾಗಿನ ರೊಕ್ಕ ಅದ. ಯಾರಿಗೂ ಕೈ ಮುಗಿಯೋದು ಬ್ಯಾಡ, ಸಾಲಿನ್ಯಾಗ ನಿಂತ್ರ ಸಾಕು.”

ಕೈ ಮುಗಿಯುವುದು, ಸಾಲಿನಲ್ಲಿ ನಿಲ್ಲುವುದು. ಈ ಎರಡರ ನಡುವಿನ ದಾರಿಯೇ ಇಲ್ಲಿ ನಾನು ವಿಚಾರಿಸಬೇಕೆಂದಿರುವುದು.

ಮೊದಲು ಶಬ್ದವನ್ನೇ ನೋಡೋಣ. ಇಂಗ್ಲಿಷಿನ ‘ಚಾರಿಟಿ’ ಎಂಬುದನ್ನು ನಾವು ದಾನಧರ್ಮ ಎಂದು ಅನುವಾದಿಸಿ ಸುಮ್ಮನಾಗುತ್ತೇವೆ. ಅದರ ಮೂಲ ಲ್ಯಾಟಿನ್ನಿನ ‘ಕಾರಿತಾಸ್’. ಅದು ‘ಕಾರುಸ್’ ಎಂಬುದರಿಂದ ಬಂದದ್ದು. ಅದಕ್ಕೆ ಪ್ರೀತಿಯದು ಎಂಬ ಅರ್ಥವೂ ಉಂಟು, ಬೆಲೆಬಾಳುವುದು ಎಂಬ ಅರ್ಥವೂ ಉಂಟು. ಹೈದರಾಬಾದಿನಲ್ಲಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರ್ರಗಡ್ಡದ ರೈತು ಬಜಾರಿನಲ್ಲಿ ಟೊಮೇಟೊ ಬೆಲೆ ಏರಿದರೆ ‘ಪಿರಂ’ ಎನ್ನುತ್ತಾರೆ. ಅದು ನಮ್ಮ ‘ಪ್ರಿಯ’ವೇ. ಪ್ರಿಯವಾದದ್ದು ತುಟ್ಟಿ, ತುಟ್ಟಿಯಾದದ್ದು ಪ್ರಿಯ. ಎದುರಿಗಿರುವ ಮನುಷ್ಯ, ಅವನೆಷ್ಟೇ ಹರಕು ಬಟ್ಟೆಯವನಾಗಲಿ, ಬೆಲೆಯುಳ್ಳವನು ಎಂಬ ತಿಳಿವಳಿಕೆ ಈ ಶಬ್ದದೊಳಗೇ ಇದೆ. ಸಂತ ಪೌಲನ ಪ್ರಸಿದ್ಧ ಪತ್ರದ ಭಾಗದಲ್ಲಿ 1611ರ ಇಂಗ್ಲಿಷ್ ಬೈಬಲ್ಲು ‘ಚಾರಿಟಿ’ ಎಂದ ಕಡೆ ಕನ್ನಡ ಬೈಬಲ್ಲಿನವರು ‘ಪ್ರೀತಿ’ ಎಂದಿದ್ದಾರೆ. ಕನ್ನಡದವರೇ ಸರಿ ಎಂದು ನನ್ನ ನಮ್ರ ಅಭಿಪ್ರಾಯ.

ಈ ಪ್ರೀತಿ ಯಾರಿಗೆ ಸಲ್ಲಬೇಕು? ಲೂಕನ ಸುವಾರ್ತೆಯಲ್ಲಿ ಧರ್ಮಶಾಸ್ತ್ರ ಬಲ್ಲವನೊಬ್ಬ ಯೇಸುವನ್ನು ನನ್ನ ನೆರೆಯವನು ಯಾರು ಎಂದು ಕೇಳುತ್ತಾನೆ. ಉತ್ತರವಾಗಿ ಬರುವ ಕಥೆ ಬಹುಮಂದಿಗೆ ಗೊತ್ತು. ಕಳ್ಳರ ಕೈಗೆ ಸಿಕ್ಕು ಅರೆಜೀವವಾಗಿ ಬಿದ್ದವನನ್ನು ನೋಡಿಯೂ ಅವನ ಪೈಕಿಯ ಇಬ್ಬರು ದೊಡ್ಡವರು ಪಕ್ಕಕ್ಕೆ ಸರಿದು ಹೋಗುತ್ತಾರೆ. ಯಾರನ್ನು ಕೀಳೆಂದು ದೂರವಿಟ್ಟಿದ್ದರೋ ಆ ಸಮಾರ್ಯದವನು ನಿಂತು ಗಾಯ ಕಟ್ಟಿ, ಛತ್ರಕ್ಕೆ ಒಯ್ದು, ಖರ್ಚಿಗೂ ಕೊಟ್ಟು ಹೋಗುತ್ತಾನೆ. ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಚಿಕ್ಕ ಸಂಗತಿ. ಬಿದ್ದವನ ಹೆಸರು, ಕುಲ, ಉದ್ಯೋಗ ಯಾವುದನ್ನೂ ಕಥೆ ಹೇಳುವುದೇ ಇಲ್ಲ. ಅವನು ‘ಒಬ್ಬ ಮನುಷ್ಯ’, ಅಷ್ಟೇ. ನಮ್ಮ ಮತದಾರರ ಪಟ್ಟಿಯಲ್ಲಿ ಹೆಸರೂ ವಿಳಾಸವೂ ಇರುತ್ತವೆ; ಆದರೆ ಎಣಿಸುವಾಗ ಓಟು ಯಾರದೆಂದು ತಿಳಿಯುವುದಿಲ್ಲ, ಒಬ್ಬನಿಗೆ ಒಂದು. ಆ ಗಾಯಾಳುವಿಗೂ ಈ ಓಟಿಗೂ ದೂರದ ನೆಂಟಸ್ತನ ಇದೆಯೆಂದರೆ ತಪ್ಪಾಗಲಾರದು. ಇನ್ನು ಹೊರನಾಡಿಗೆ ಬಂದ ನಮಗಂತೂ ನೆರೆಯವನು ಯಾರು ಎಂಬುದು ಪುಸ್ತಕದ ಪ್ರಶ್ನೆಯಲ್ಲ. ಭಾಷೆ ಬಾರದ ಬೀದಿಯಲ್ಲಿ ಮೊದಲ ರಾತ್ರಿ ನೀರು ಕೊಟ್ಟವರು ಯಾರೆಂದು ಪ್ರತಿಯೊಂದು ಮನೆಯಲ್ಲೂ ಒಂದು ಕಥೆಯುಂಟು.

ಪ್ರಾಚೀನ ರೋಮಿನಲ್ಲಿ ಕೊಡುವವರು ಇರಲಿಲ್ಲವೆಂದಲ್ಲ, ಧಾರಾಳವಾಗಿ ಕೊಡುತ್ತಿದ್ದರು. ಆದರೆ ಶ್ರೀಮಂತನು ಕೊಡುತ್ತಿದ್ದದ್ದು ತನ್ನ ನಗರಕ್ಕೆ, ತನ್ನ ನಗರದ ಪೌರರಿಗೆ: ಸ್ನಾನಗೃಹ, ರಂಗಮಂದಿರ, ಆಟಗಳು, ಧಾನ್ಯ. ಪೌರನಾದವನಿಗೆ ಬಡವನಾಗಿರಲಿ ಬಿಡಲಿ ಅದು ಸಿಗುತ್ತಿತ್ತು. ಪೌರನಲ್ಲದ ಬಡವನು ಲೆಕ್ಕದಲ್ಲೇ ಇರಲಿಲ್ಲ. ಬಡವ ಎಂಬ ಕಾರಣಕ್ಕಾಗಿಯೇ ಒಬ್ಬನನ್ನು ಸಮಾಜ ನೋಡಬೇಕು ಎಂಬ ಹೊಸ ದೃಷ್ಟಿಯನ್ನು ನಾಲ್ಕನೆಯ ಶತಮಾನದ ಕ್ರೈಸ್ತ ಬಿಷಪ್ಪರು ತಂದರೆಂದು ಇತಿಹಾಸಕಾರ ಪೀಟರ್ ಬ್ರೌನ್ ವಿವರಿಸಿದ್ದಾರೆ. ಈಗ ತುರ್ಕಿಯಲ್ಲಿರುವ ಸಿಸೇರಿಯಾದಲ್ಲಿ ಬಿಷಪ್ ಬೆಸಿಲನು ಸುಮಾರು 370ರ ಹೊತ್ತಿಗೆ ರೋಗಿಗಳಿಗೂ ಕುಷ್ಠರೋಗಿಗಳಿಗೂ ಪ್ರವಾಸಿಗಳಿಗೂ ಊರ ಹೊರಗೆ ದೊಡ್ಡದೊಂದು ಆಶ್ರಯವನ್ನೇ ಕಟ್ಟಿಸಿದ. ಇದಕ್ಕೂ ಸ್ವಾರಸ್ಯವಾದ ಸಾಕ್ಷಿ ವಿರೋಧಿಯಿಂದ ಬರುತ್ತದೆ. 361ರಿಂದ 363ರವರೆಗೆ ಆಳಿದ ಚಕ್ರವರ್ತಿ ಜೂಲಿಯನ್ ಕ್ರೈಸ್ತಮತವನ್ನು ಬಿಟ್ಟು ಹಳೆಯ ದೇವತೆಗಳ ಪೂಜೆಯನ್ನು ಮತ್ತೆ ಎತ್ತಿ ನಿಲ್ಲಿಸಲು ಹೊರಟವನು. ಅವನು ತನ್ನ ಪುರೋಹಿತನಿಗೆ ಬರೆದ ಕಾಗದದಲ್ಲಿ, ಇವರು ತಮ್ಮ ಬಡವರಿಗಷ್ಟೇ ಅಲ್ಲದೆ ನಮ್ಮ ಬಡವರಿಗೂ ಉಣ್ಣಿಸುತ್ತಿದ್ದಾರೆ, ಇದು ನಮಗೆ ನಾಚಿಕೆಗೇಡು, ನಾವೂ ಛತ್ರಗಳನ್ನು ತೆರೆಯಬೇಕು ಎಂದು ದೂರಿಕೊಂಡಿದ್ದಾನೆ. ಒಳ್ಳೆಯ ಕೆಲಸದಲ್ಲಿ ಇಂಥ ಮತ್ಸರ ಬಂದರೆ ಲಾಭ ಬಡವರಿಗೇ!

ಹಾಗಾದರೆ ಇದೆಲ್ಲ ಕ್ರೈಸ್ತರೊಬ್ಬರ ಸೊತ್ತೇ ಎಂದು ಕೇಳಬಹುದು. ಖಂಡಿತ ಅಲ್ಲ. ಅಶೋಕನ ಶಾಸನಗಳು ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಡಿನ ಮಾತನ್ನು ಆಡಿವೆ, ಅದೂ ಕ್ರಿಸ್ತನಿಗಿಂತ ಎರಡು ಶತಮಾನಕ್ಕೂ ಹಿಂದೆ. ಹನ್ನೆರಡನೆಯ ಶತಮಾನದ ನಮ್ಮ ಶರಣರಂತೂ ದಾನವೆಂಬ ಶಬ್ದದಲ್ಲಿರುವ ಅಹಂಕಾರವನ್ನೇ ಗುರುತಿಸಿ ದಾಸೋಹ ಎಂದರು. ಕೊಡುವವನೇ ದಾಸ, ತೆಗೆದುಕೊಳ್ಳುವವನಲ್ಲ. ಕೊಡುವ ಮೊದಲು ಕಾಯಕ ಮಾಡಿರಬೇಕು. ಇಷ್ಟು ಸೂಕ್ಷ್ಮವಾದ ಯೋಚನೆ ಯೂರೋಪಿನಲ್ಲಿ ಆ ಕಾಲದಲ್ಲಿ ಸುಲಭವಾಗಿ ಸಿಗಲಾರದು. ಆದರೆ ಅನುಭವ ಮಂಟಪವೇ ಜಗತ್ತಿನ ಮೊದಲ ಪಾರ್ಲಿಮೆಂಟೆಂದು ಪ್ರತಿ ಬಸವ ಜಯಂತಿಗೂ ಭಾಷಣ ಕುಟ್ಟುವವರ ಗುಂಪಿಗೆ ನಾನು ಸೇರಿದವನಲ್ಲ. ಬಸವಕಲ್ಯಾಣ ನಮ್ಮ ಜಿಲ್ಲೆಯದೇ ಆದ್ದರಿಂದ ಇಷ್ಟು ಹೇಳುವ ಸಲುಗೆ ತೆಗೆದುಕೊಂಡಿದ್ದೇನೆ. ಕಲ್ಯಾಣದ ಆ ಪ್ರಯೋಗ ರಕ್ತದಲ್ಲಿ ಮುಗಿಯಿತು. ಕಾಯ್ದೆಯಾಗಿ ಬೆಳೆಯಲು ಅದಕ್ಕೆ ಅವಕಾಶವೇ ಸಿಗಲಿಲ್ಲ. ಯೂರೋಪಿನಲ್ಲಿ ಮಾತ್ರ ಕರುಣೆಯು ನಿಧಾನವಾಗಿ, ಬಹಳ ಎಡವುತ್ತ, ಕಾಯ್ದೆಯಾಯಿತು. ಆ ಎಡವಿದ್ದೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ.

ಮಧ್ಯಯುಗದ ಕ್ರೈಸ್ತ ಪಂಡಿತರಲ್ಲಿ ಒಂದು ಚರ್ಚೆಯಿತ್ತು. ಹಸಿವಿನಿಂದ ಸಾಯುತ್ತಿರುವವನು ಬೇರೊಬ್ಬನ ರೊಟ್ಟಿಯನ್ನು ಎತ್ತಿಕೊಂಡರೆ ಅದು ಕಳ್ಳತನವೆ? ಹದಿಮೂರನೆಯ ಶತಮಾನದ ತೋಮಸ್ ಅಕ್ವಿನಾಸ್ ಕೊಟ್ಟ ತೀರ್ಪು, ಅಲ್ಲ ಎಂದು. ಸ್ಪಷ್ಟವಾದ, ಬೇರೆ ದಾರಿಯೇ ಇಲ್ಲದ ಅಗತ್ಯ ಬಂದಾಗ ಪ್ರಾಣಧಾರಣೆಗೆ ಬೇಕಾದದ್ದು ಅವನದೇ ಆಗುತ್ತದೆ. ಉಳ್ಳವನ ಬಳಿ ಮಿಕ್ಕಿದ್ದು ಇಲ್ಲದವನಿಗೆ ಸಲ್ಲಬೇಕಾದ್ದು. ಇಲ್ಲಿ ನೋಡಿ, ಮಾತು ಸದ್ದಿಲ್ಲದೆ ಮಗ್ಗುಲು ಬದಲಿಸಿಬಿಟ್ಟಿತು. ಕೊಡುವವನ ಪುಣ್ಯದ ಚರ್ಚೆ ತೆಗೆದುಕೊಳ್ಳುವವನ ಹಕ್ಕಿನ ಚರ್ಚೆಯಾಯಿತು. ಸಾಧುಗಳ ಮಠದಲ್ಲಿ ಆದ ಚರ್ಚೆ ಇದು, ಯಾವ ಕ್ರಾಂತಿಕಾರಿಯದೂ ಅಲ್ಲ.

ಆದರೆ ವಿಚಾರ ಹುಟ್ಟಿದೊಡನೆ ಆಚರಣೆಗೆ ಬರುವುದಿಲ್ಲವಷ್ಟೆ. ಪ್ರಜಾಪ್ರಭುತ್ವದ ತವರೆನ್ನಿಸಿಕೊಂಡ ಇಂಗ್ಲೆಂಡಿನ ಕಥೆ ಕೇಳಿ. ಅಲ್ಲಿ ಬಡವರ ಪೋಷಣೆ ಮೊದಲಿನಿಂದ ಚರ್ಚಿನ ಗ್ರಾಮವ್ಯವಸ್ಥೆಯಾದ ಪ್ಯಾರಿಷ್‌ಗೆ ಸೇರಿದ್ದು. 1601ರ ಕಾನೂನು ಅದನ್ನು ತೆರಿಗೆಯ ಮೇಲೆ ನಿಲ್ಲಿಸಿತು. ಮುಂದೆ 1832ರಲ್ಲಿ ಪ್ರಸಿದ್ಧ ಸುಧಾರಣಾ ಕಾಯ್ದೆ ಬಂದು ಓಟಿನ ಹಕ್ಕು ವಿಸ್ತಾರವಾಯಿತು. ಅದೇ ಕಾಯ್ದೆಯಲ್ಲಿ ಒಂದು ಕಲಮು ಇತ್ತು: ಪಟ್ಟಣದ ಕ್ಷೇತ್ರಗಳಲ್ಲಿ, ಹಿಂದಿನ ಹನ್ನೆರಡು ತಿಂಗಳೊಳಗೆ ಪ್ಯಾರಿಷ್‌ನ ನೆರವು ಪಡೆದವನಿಗೆ ಓಟಿಲ್ಲ. ಎಂದರೆ ಅನ್ನ ಬೇಡಿದವನು ಮನುಷ್ಯನಾಗಿ ಉಳಿದ, ಪ್ರಜೆಯಾಗಿ ಉಳಿಯಲಿಲ್ಲ. ಎರಡು ವರ್ಷದ ಮೇಲೆ, 1834ರಲ್ಲಿ, ನೆರವು ಬೇಕಾದವರು ದುಡಿಮೆಮನೆಯೊಳಗೆ ಹೋಗಿ ಬಿದ್ದಿರಬೇಕೆಂಬ ಕಠಿಣವಾದ ಹೊಸ ಕಾಯ್ದೆಯೂ ಬಂತು. ಮಗುವಿಗೆ ಪ್ಯಾರಿಷ್ ವೈದ್ಯನಿಂದ ಪುಕ್ಕಟೆ ಔಷಧ ತಂದ ಕೂಲಿಗಾರನಿಗೂ ಓಟು ಹೋಗುವ ಪರಿಸ್ಥಿತಿ ಇತ್ತು. ಔಷಧ ಮಾತ್ರ ಪಡೆದವರ ಓಟನ್ನು ಕಿತ್ತುಕೊಳ್ಳಬಾರದೆಂದು 1885ರಲ್ಲಿ ಒಂದು ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು. ಬಡನೆರವು ಪಡೆದವರಿಗೆ ಓಟಿಲ್ಲವೆಂಬ ನಿಯಮ ಪೂರ್ತಿ ಅಳಿದದ್ದು 1918ರಲ್ಲಿ.

ನಮ್ಮ ತಂದೆಯವರು ಆ ಕಾಲದ ಇಂಗ್ಲೆಂಡಿನಲ್ಲಿ ಇದ್ದಿದ್ದರೆ ತಾಯಿಯ ಹದಿನೇಳು ದಿನಗಳಿಗೆ ಪ್ರತಿಯಾಗಿ ತಮ್ಮ ಓಟನ್ನು ಕಳೆದುಕೊಳ್ಳಬೇಕಾಗುತ್ತಿತ್ತು ಎಂದು ನಾನು ಒಮ್ಮೊಮ್ಮೆ ಯೋಚಿಸುವುದುಂಟು.

ಆ ಕಲಮಿನ ಹಿಂದಿದ್ದ ವಾದ ಮೂರ್ಖತನದ್ದೇನೂ ಅಲ್ಲ. ಪರರ ಅನ್ನ ಉಣ್ಣುವವನಿಗೆ ಸ್ವಂತ ಅಭಿಪ್ರಾಯವಿರಲಾರದು, ಅನ್ನ ಹಾಕಿದವನು ಹೇಳಿದ ಕಡೆಗೇ ಅವನು ಕೈ ಎತ್ತುತ್ತಾನೆ, ಆದ್ದರಿಂದ ಅವನನ್ನು ಹೊರಗಿಡಬೇಕು ಎಂಬುದು ಆ ವಾದ. ಇದರಲ್ಲಿ ಮೊದಲ ಎರಡು ಮಾತು ನಿಜ. ನಮ್ಮ ಚುನಾವಣೆಗಳನ್ನು ಕಂಡ ಯಾರೂ ಅದನ್ನು ಅಲ್ಲಗಳೆಯಲಾರರು. ತಪ್ಪಿರುವುದು ಕೊನೆಯ ‘ಆದ್ದರಿಂದ’ದಲ್ಲಿ. ಅನ್ನದ ಋಣ ಮನುಷ್ಯನ ನಾಲಗೆಯನ್ನು ಕಟ್ಟುತ್ತದೆಯೆಂದಾದರೆ ಮಾಡಬೇಕಾದದ್ದು ಅವನನ್ನು ಹೊರಗೆ ಹಾಕುವುದಲ್ಲ, ಅನ್ನವನ್ನು ಋಣವಲ್ಲದಂತೆ ಮಾಡುವುದು. ಕ್ರೈಸ್ತ ಕರುಣೆ ಬಡವನನ್ನು ಕಣ್ಣಿಗೆ ಕಾಣುವಂತೆ ಮಾಡಿತು. ಅದು ಸಣ್ಣ ಉಪಕಾರವಲ್ಲ. ಆದರೆ ಆ ಕರುಣೆಯ ದಾರವನ್ನು ಬಡವನ ಕುತ್ತಿಗೆಯಿಂದ ಬಿಚ್ಚಲು ಬೇರೊಂದು ಕೈ ಬೇಕಾಯಿತು.

ಇದೇ ಗೊಂದಲ ನಮ್ಮ ನಾಡಿನ ಮಿಷನರಿಗಳನ್ನೂ ಕಾಡಿದೆ. ಇಲ್ಲಿಂದ ಸುಮಾರು ನೂರು ಕಿಲೋಮೀಟರ್ ದೂರದ ಮೆದಕ್ ಚರ್ಚನ್ನು ನಮ್ಮ ಸಂಘದವರಲ್ಲಿ ಬಹುಮಂದಿ ನೋಡಿದ್ದೀರಿ. 1924ರ ಕ್ರಿಸ್‌ಮಸ್ ದಿನ ಪ್ರತಿಷ್ಠಾಪನೆಯಾದ ಆ ಭಾರಿ ಕಟ್ಟಡದ ಕೆಲಸವನ್ನು ಪಾದ್ರಿ ಪೋಸ್ನೆಟ್ಟರು ಬರದ ಕಾಲದಲ್ಲಿ ಜನಕ್ಕೆ ದುಡಿಮೆ ಕೊಟ್ಟು ಊಟ ಕೊಡುವ ಉಪಾಯವಾಗಿ ಕೈಗೊಂಡರೆಂದು ಅಲ್ಲಿಯವರು ಹೇಳುತ್ತಾರೆ. ಸುಮ್ಮನೆ ಗಂಜಿ ಹೊಯ್ಯುವುದಕ್ಕಿಂತ ಇದು ಮೇಲು ಎಂದು ಅವರಿಗೆ ತೋರಿರಬೇಕು. ಮಂಗಳೂರಿನಲ್ಲಿ ಇದು ಇನ್ನೂ ಮೊದಲೇ, ಇನ್ನೂ ದೊಡ್ಡದಾಗಿ ನಡೆಯಿತು. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ, ಇಂಗ್ಲೆಂಡಿನಲ್ಲಿ ಆ ಕಠಿಣ ಕಾಯ್ದೆಯಾದ ವರ್ಷವೇ. ಮತಾಂತರವಾದವರು ಜಾತಿಯ ಜೊತೆಗೆ ಜೀವನೋಪಾಯವನ್ನೂ ಕಳೆದುಕೊಂಡು ಮಿಷನ್ನಿನ ಬಾಗಿಲಿಗೆ ಬಂದರು. ಎಷ್ಟು ದಿನವೆಂದು ಹಾಗೇ ಅನ್ನ ಹಾಕುವುದು? ಮುದ್ರಣಾಲಯ, ನೇಯ್ಗೆ, ಆಮೇಲೆ 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಆರಂಭಿಸಿದ ಹೆಂಚಿನ ಕಾರ್ಖಾನೆ, ಹೀಗೆ ಒಂದೊಂದಾಗಿ ಬಂದವು. ಕರುಣೆ ಕೂಲಿಯಾಗಿ ಬದಲಾಯಿತು. ಮಂಗಳೂರು ಹೆಂಚಿನ ಇತಿಹಾಸವನ್ನು ಕೈಗಾರಿಕೆಯ ಇತಿಹಾಸವೆಂದು ಮಾತ್ರ ಓದುವವರು ಇದನ್ನು ಗಮನಿಸುವುದಿಲ್ಲ.

ಆದರೆ ಕೂಲಿ ಕೊಡುವವರೂ, ಪ್ರಾರ್ಥನೆ ಹೇಳಿಸುವವರೂ, ಶಾಲೆ ನಡೆಸುವವರೂ ಒಬ್ಬರೇ ಆಗಿದ್ದಾಗ ದಾರ ಬಿಚ್ಚಿತೆಂದು ಹೇಳುವುದು ಕಷ್ಟ. ಅದನ್ನು ಬಿಚ್ಚುವ ಕೆಲಸದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದವರು ಅದೇ ಮಂಗಳೂರಿನ ಕುದ್ಮುಲ್ ರಂಗರಾಯರು. 1859ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಸಾರಸ್ವತ ಬ್ರಾಹ್ಮಣರು. ಬ್ರಾಹ್ಮಸಮಾಜಕ್ಕೆ ಸೇರಿದ ವಕೀಲರು. ಜಾತಿಯವರ ಬಹಿಷ್ಕಾರವನ್ನು ಸಹಿಸಿಕೊಂಡು 1897ರಲ್ಲಿ ದಲಿತರಿಗಾಗಿ ಒಂದು ಸಂಸ್ಥೆ ಕಟ್ಟಿದರು. ಅದರ ಹೆಸರಿನಲ್ಲೂ ‘ಮಿಷನ್’ ಎಂಬ ಶಬ್ದವೇ ಇತ್ತು: ಡಿಪ್ರೆಸ್ಡ್ ಕ್ಲಾಸಸ್ ಮಿಷನ್. ಕ್ರೈಸ್ತರಿಂದ ಶಬ್ದವನ್ನೂ ಶಾಲೆಯ ರೀತಿಯನ್ನೂ ಪಡೆದರು; ಮತವನ್ನು ಬದಲಿಸಿಕೊಳ್ಳಿರೆಂದು ಮಾತ್ರ ಯಾರಿಗೂ ಹೇಳಲಿಲ್ಲ. ಶಾಲೆ, ಕೈಕಸುಬು, ನಿವೇಶನ ಕೊಟ್ಟು ಅಷ್ಟಕ್ಕೇ ನಿಲ್ಲದೆ ಸ್ಥಳೀಯ ಸಂಸ್ಥೆಗಳಲ್ಲಿ ದಲಿತರೇ ಕುಳಿತುಕೊಳ್ಳಬೇಕೆಂದು ಪ್ರಯತ್ನಿಸಿದರು. ತಮ್ಮಲ್ಲಿ ಓದಿದ ದಲಿತ ಮಕ್ಕಳು ಮುಂದೆ ದೊಡ್ಡ ಹುದ್ದೆಗೇರಿ ಊರಿನ ಬೀದಿಯಲ್ಲಿ ಕಾರಿನಲ್ಲಿ ಹೋಗಬೇಕು, ಆ ಕಾರಿನ ಧೂಳು ತಮ್ಮ ತಲೆಗೆ ತಾಗಬೇಕು ಎಂಬುದು ಅವರ ಆಸೆಯಾಗಿತ್ತು. 1928ರಲ್ಲಿ ತೀರಿಕೊಂಡರು. ಕೊಟ್ಟವನು ಪಡೆದವನ ಕೃತಜ್ಞತೆಯನ್ನು ಬಯಸದೆ ಅವನ ಕಾರಿನ ಧೂಳನ್ನು ಬಯಸಿದ ಇಂಥ ಉದಾಹರಣೆ ಬೇರೆಲ್ಲೂ ನನಗೆ ಸಿಕ್ಕಿಲ್ಲ. ಕರುಣೆ ರಾಜಕೀಯ ವಿಚಾರವಾಗುವ ಜಾಗ ಇದು.

ಮಿಷನರಿಗಳ ಮೇಲೆ ‘ಅಕ್ಕಿ ಕೊಟ್ಟು ಮತ ಕೊಂಡರು’ ಎಂಬ ಆರೋಪ ಹಳೆಯದು. ಕೆಲವು ಕಡೆ ಹಾಗೆ ಆಗಿರಲೂಬಹುದು. ನಮ್ಮ ತಾಯಿಯ ವಿಷಯದಲ್ಲಿ ಆಗಲಿಲ್ಲ ಎಂಬುದಷ್ಟೇ ನನ್ನ ಸಾಕ್ಷ್ಯ. ಷರತ್ತಿನ ಮೇಲೆ ಕೊಟ್ಟದ್ದು ಕರುಣೆಯಲ್ಲ, ವ್ಯಾಪಾರ. ಅದನ್ನು ಹೇಳುವಾಗ ನಮ್ಮ ಕಡೆಗೂ ಸ್ವಲ್ಪ ನೋಡಿಕೊಳ್ಳುವುದು ಒಳ್ಳೆಯದು. ಕನ್ನಡದಲ್ಲಿ ಧರ್ಮಕ್ಕೂ ಓಟಿಗೂ ‘ಮತ’ ಎಂಬ ಒಂದೇ ಶಬ್ದ. ಅಕ್ಕಿ ಕೊಟ್ಟು ಒಂದು ಮತ ಕೊಂಡರೆ ಪಾಪ, ಸೀರೆ ಕೊಟ್ಟು ಇನ್ನೊಂದು ಮತ ಕೊಂಡರೆ ರಾಜ್ಯಶಾಸ್ತ್ರವೆ? ಎಲ್ಲ ಪಕ್ಷಗಳ ಸರ್ಕಾರಗಳೂ ಪಡಿತರದ ಚೀಲದ ಮೇಲೆ, ವೃದ್ಧಾಪ್ಯ ವೇತನದ ಪತ್ರದ ಮೇಲೆ ನಾಯಕರ ನಗುಮುಖ ಅಚ್ಚು ಹಾಕಿಸುತ್ತವೆ. ಬೊಕ್ಕಸದ ಹಣ ನಮ್ಮದು, ಭಾವಚಿತ್ರ ಅವರದು. ಹಕ್ಕಾಗಿ ಬಂದದ್ದನ್ನು ಮತ್ತೆ ಭಿಕ್ಷೆಯಾಗಿ ಮಾಡುವ ಜಾಣತನ ಇದು. ಆ ಚೀಲ ಹಿಡಿದ ಮುದುಕಿ ಕೈ ಮುಗಿಯುವುದನ್ನು ನೋಡಿದಾಗಲೆಲ್ಲ ನನಗೆ 1832ರ ಕಲಮು ಕಾನೂನಿನಿಂದ ಹೋಗಿ ಅಭ್ಯಾಸದಲ್ಲಿ ಉಳಿದಿದೆಯೇನೋ ಎನಿಸುತ್ತದೆ.

ನಮ್ಮ ಸಂವಿಧಾನ ಬರೆದವರು ಈ ವಿಷಯದಲ್ಲಿ ಸ್ಪಷ್ಟವಾಗಿದ್ದರು. ಬ್ರಿಟಿಷರ ಕಾಲದಲ್ಲಿ ಆಸ್ತಿ, ತೆರಿಗೆ, ವಿದ್ಯೆ ನೋಡಿ ಓಟು ಕೊಡುತ್ತಿದ್ದರು. 326ನೆಯ ವಿಧಿ ಅದನ್ನೆಲ್ಲ ಗುಡಿಸಿಹಾಕಿತು. ನಿಜಾಮರ ಪ್ರಜೆಯಾಗಿ ಹುಟ್ಟಿದ ನನ್ನ ಅಜ್ಜ, ಊರ ದೇಶಮುಖರ ಮನೆಯ ಜೋಳದ ಮೇಲೆ ಎಷ್ಟೋ ಬೇಸಿಗೆ ಕಳೆದವರು, ಮೊದಲ ಮಹಾಚುನಾವಣೆಯಲ್ಲಿ ಆ ದೇಶಮುಖರಷ್ಟೇ ಒಂದು ಓಟು ಹಾಕಿದರು. ಪೀಠಿಕೆಯಲ್ಲಿ ಭ್ರಾತೃತ್ವದ ಪಕ್ಕದಲ್ಲೇ ವ್ಯಕ್ತಿಗೌರವದ ಮಾತಿದೆ. ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವವನ್ನು ತಾವು ಫ್ರೆಂಚ್ ಕ್ರಾಂತಿಯಿಂದಲ್ಲ, ಬುದ್ಧನಿಂದ ಪಡೆದದ್ದೆಂದು ಅಂಬೇಡ್ಕರರು 1954ರಲ್ಲಿ ಹೇಳಿದ್ದಾರೆ. ಅದೇ ಸಂವಿಧಾನ ಸಭೆಯಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಜೆಸ್ಯುಯಿಟ್ ಪಾದ್ರಿ ಜೆರೋಮ್ ಡಿಸೋಜರೂ ಇದ್ದರು. ಧಾರ್ಮಿಕ ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಮೀಸಲು ಸ್ಥಾನ ಬೇಡವೆಂಬ 1949ರ ತೀರ್ಮಾನಕ್ಕೆ ಅವರೂ ಒಪ್ಪಿಗೆ ಕೊಟ್ಟವರು. ಬೇರೆ ಬೇರೆ ಬಾವಿಗಳ ನೀರು ಒಂದೇ ತೊಟ್ಟಿಗೆ ಬಂದಿದೆ. ಇದು ಯಾವ ಬಾವಿಯದೆಂದು ಈಗ ಜಗಳವಾಡುವುದರಲ್ಲಿ ಹುರುಳಿಲ್ಲ.

ಇಂಗ್ಲೆಂಡಿನಲ್ಲೂ ಕೊನೆಯ ಹೆಜ್ಜೆಯಲ್ಲಿ ಒಬ್ಬ ಪಾದ್ರಿ ಇದ್ದರು. ‘ವೆಲ್‌ಫೇರ್ ಸ್ಟೇಟ್’ ಎಂಬ ಮಾತನ್ನು 1941ರಲ್ಲಿ ಬಳಕೆಗೆ ತಂದವರಲ್ಲಿ ಬಿಷಪ್ ವಿಲಿಯಂ ಟೆಂಪಲ್ ಪ್ರಮುಖರು. ಮರುವರ್ಷ ಅವರ ಮಿತ್ರ ಬೆವರಿಜ್ ವರದಿ ಕೊಟ್ಟರು. 1948ರ ಜುಲೈಯಲ್ಲಿ ಅಲ್ಲಿ ಎಲ್ಲರಿಗೂ ಉಚಿತ ಚಿಕಿತ್ಸೆ ಆರಂಭವಾಯಿತು. ಅದಕ್ಕೆ ಮೂರು ತಿಂಗಳು ಮೊದಲು, ಏಪ್ರಿಲ್‌ನಲ್ಲಿ, ಪ್ರೊಫೆಸರ್ ಅಡಾರ್ಕರರ 1944ರ ವರದಿಯ ಆಧಾರದ ಮೇಲೆ ನಮ್ಮಲ್ಲಿ ಇ.ಎಸ್.ಐ. ಕಾಯ್ದೆ ಆಗಿತ್ತು! 2019ರ ಜುಲೈಯಿಂದ ಕೂಲಿಯ ನೂರು ರೂಪಾಯಿಗೆ ಮಾಲೀಕನಿಂದ ಮೂರೂಕಾಲು, ಕಾರ್ಮಿಕನಿಂದ ಮುಕ್ಕಾಲು ರೂಪಾಯಿ ಎಂದು ನಿಗದಿಯಾಯಿತು. ಮುಕ್ಕಾಲು ರೂಪಾಯಿ ದೊಡ್ಡ ಮೊತ್ತವಲ್ಲ. ಆದರೆ ನಮ್ಮ ತಂದೆಯವರ ಪ್ರಸನ್ನ ಮುಖದ ಗುಟ್ಟು ಅದರಲ್ಲೇ ಇದೆ.

ಹಾಗೆಂದು ಎಲ್ಲವೂ ಲಾಭವೇ ಆಯಿತೆಂದು ಹೇಳಲಾರೆ. ಭೌತಶಾಸ್ತ್ರದ ಪಾಠದಲ್ಲಿ ಕಲಿತಂತೆ, ಶಕ್ತಿಯನ್ನು ಒಂದು ರೂಪದಿಂದ ಇನ್ನೊಂದಕ್ಕೆ ತಿರುಗಿಸಿ ಕೆಲಸ ತೆಗೆಯುವಾಗ ಒಂದಿಷ್ಟು ಶಾಖವಾಗಿ ಸೋರಿಹೋಗುತ್ತದೆ. ಕರುಣೆ ಕಾಯ್ದೆಯಾಗುವಾಗ ಸೋರಿಹೋದದ್ದು ಆ ರಾತ್ರಿಯ ತಣ್ಣೀರ ಬಟ್ಟೆ. ಯಾವ ಕಾಯ್ದೆಯ ಯಾವ ಕಲಮಿನಲ್ಲೂ ಅದನ್ನು ಬರೆಯಲು ಬರುವುದಿಲ್ಲ. ಕೌಂಟರಿನ ಈಚೆ ಕುಳಿತವನು ತಾನಾಗಿ ತರಬೇಕು, ಅಷ್ಟೇ. ಇದನ್ನು ನಾನು ಬರೆಯುವುದಕ್ಕೆ ನನ್ನದೇ ಒಂದು ಅನುಭವ ಕಾರಣ. ಹೇಳಲು ಸಂಕೋಚವಾದರೂ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಸೇವೆಯಲ್ಲಿದ್ದಾಗಲೇ ತೀರಿಕೊಂಡ ಜವಾನನೊಬ್ಬನ ಹೆಂಡತಿ ಕುಟುಂಬ ಪಿಂಚಣಿಗಾಗಿ ನನ್ನ ಮೇಜಿಗೆ ಬಂದರು. ಕಾಗದದಲ್ಲಿ ಒಂದು ಸಹಿ ಕಡಿಮೆಯಿತ್ತು. “ಮುಂದಿನ ವಾರ ಬನ್ನಿ” ಎಂದೆ. ಮುಂದಿನ ವಾರ ನಾನು ರಜೆಯಲ್ಲಿದ್ದೆ. ಅದರ ಮುಂದಿನ ವಾರ ಬೇರೆ ಕೆಲಸವಿತ್ತು. ಹೀಗೆ ಎರಡು ತಿಂಗಳು. ಕೊನೆಗೊಂದು ದಿನ ಕಡತ ತೆಗೆದು ಕೂತಾಗ ಕೆಲಸ ಮುಗಿಯಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಪಿಂಚಣಿ ಮಂಜೂರಾದ ಮೇಲೆ ಆಕೆ ಅರ್ಧ ಕಿಲೋ ಸಿಹಿ ತಂದು ಮೇಜಿನ ಮೇಲಿಟ್ಟು, “ಮೀರೇ ನಾಕು ದೇವುಡು ಸಾರ್” ಎಂದು ಕಾಲಿಗೆ ಬಗ್ಗಿದರು. ನಾನು ಬೇಡ ಬೇಡವೆಂದೆ. ಆದರೆ ನಿಜ ಹೇಳಬೇಕೆಂದರೆ ಒಳಗೊಳಗೇ ಹಿಗ್ಗಿದೆ. ಒಬ್ಬ ಬಡವೆಗೆ ಉಪಕಾರ ಮಾಡಿದೆನೆಂಬ ತೃಪ್ತಿಯಿಂದ ರೈಲು ಹತ್ತಿದವನಿಗೆ ಸನತ್‌ನಗರ ಬರುವ ಹೊತ್ತಿಗೆ ತಂದೆಯವರ ಮಾತು ನೆನಪಾಯಿತು. ಆ ಹಣ ಅವರ ಗಂಡನ ಮೂವತ್ತು ವರ್ಷದ ದುಡಿಮೆಯದು. ನಾನು ಎರಡು ತಿಂಗಳು ತಡಮಾಡಿ, ಆಕೆಯ ಹಕ್ಕನ್ನು ನನ್ನ ಭಿಕ್ಷೆಯನ್ನಾಗಿ ಮಾಡಿ ಕೊಟ್ಟಿದ್ದೆ. ಮಿಷನ್ ಆಸ್ಪತ್ರೆಯ ಸೋದರಿ ತಮ್ಮ ನಿದ್ದೆಯನ್ನು ಕೊಟ್ಟಿದ್ದರು. ನಾನು ಏನನ್ನೂ ಕೊಡದೆ ದೇವರಾಗಿದ್ದೆ. ಆ ಸಿಹಿಯನ್ನು ಮನೆಯಲ್ಲಿ ಯಾರೂ ಕೇಳದಿದ್ದರೂ ‘ಆಫೀಸಿನಲ್ಲಿ ಹಂಚಿದರು’ ಎಂದು ಸುಳ್ಳು ಹೇಳಿದೆ.

ಆರು ತಿಂಗಳ ಮೇಲೆ ಬಾಕಿ ಹಣದ ಲೆಕ್ಕಕ್ಕಾಗಿ ಆಕೆ ಮತ್ತೆ ಬಂದರು. ಈ ಸಲ ಜೊತೆಯಲ್ಲಿ ಕಾಲೇಜು ಓದುವ ಮಗಳಿದ್ದಳು. ತಾಯಿ ಕೈ ಮುಗಿಯುವಷ್ಟರಲ್ಲಿ ಮಗಳು, “ಸಾರ್, ಇದನ್ನು ಎಷ್ಟು ದಿನದಲ್ಲಿ ಕೊಡಬೇಕೆಂದು ನಿಯಮವಿದೆ?” ಎಂದು ಕೇಳಿದಳು. ಧ್ವನಿ ಮೆಲ್ಲಗಿರಲಿಲ್ಲ. ಪಕ್ಕದ ಮೇಜಿನವರು ತಿರುಗಿ ನೋಡಿದರು. ನನಗೆ ಕೋಪ ಬಂತು. ಸಿಹಿ ತಂದಿದ್ದ ಆ ತಾಯಿಯೇ ವಾಸಿ ಎಂದು ಕೂಡ ಒಂದು ಕ್ಷಣ ಅನಿಸಿತು. ತಾಯಿ ಗಾಬರಿಯಾಗಿ ಮಗಳ ಮೊಣಕೈ ಹಿಡಿದು ಸುಮ್ಮನಿರಿಸಲು ನೋಡುತ್ತಿದ್ದರು. “ಇರಲಿ ಬಿಡಿ ಅಮ್ಮಾ, ಸರಿಯಾಗಿಯೇ ಕೇಳಿದ್ದಾಳೆ” ಎಂದು ಹೇಳಿದೆ. ಧ್ವನಿ ಅಷ್ಟೇನೂ ಸರಿಯಾಗಿ ಬರಲಿಲ್ಲ. ಎರಡು ಕುರ್ಚಿ ಹಾಕಿಸಿ ಕಡತ ತೆಗೆದೆ. ಬಾಕಿ ಹಣ ಹನ್ನೊಂದನೆಯ ದಿನ ಅವರ ಖಾತೆಗೆ ಹೋಯಿತು. ಆ ಸಲ ಸಿಹಿ ಬರಲಿಲ್ಲ.